ತಂಗಿಯ ಮಣೆ ಹೊತ್ತಿದ್ದು

ನಮ್ಮ ತಂಗಿಗೆ ಎರಡು ಮದುವೆ. ಗಾಬರಿ ಬೇಡ, ಗಂಡ ಒಬ್ಬನೇ. ನಮ್ಮದು ಸಾಗರ, ಭಾವನದು ಕಲ್ಕತ್ತೆ. ನಮ್ಮ ಅಜ್ಜಿಗೆ ಮಂಡಿನೋವು, ಅಂಗಳ ದಾಟುವುದೇ ಕಷ್ಟ. ಅವರ ಅಜ್ಜಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಇಬ್ಬರ ಕಣ್ಣೆದುರೂ ಆಗಬೇಕು ಅಂದರೆ ಎರಡು ಸಲ ಮಾಡದೆ ದಾರಿ ಇರಲಿಲ್ಲ.

"ಎರಡೆರಡು ಸಲ ತಾಳಿ ಕಟ್ಟೋದಾ? ಯಾವುದು ನಿಜವಾದ ಮದುವೆ?" ಅಂತ ಅಜ್ಜಿ ತಕರಾರು ತೆಗೆದಳು.

"ಅಲ್ಲಿ ತಾಳಿ ಇಲ್ಲ ಅತ್ತೆ. ಬೈತಲೆಗೆ ಸಿಂಧೂರ, ಕೈಗೆ ಶಂಖದ ಬಳೆ ಅಷ್ಟೆ" ಅಂದಳು ಅಮ್ಮ. ಅಜ್ಜಿ ಸುಮ್ಮನಾದಳು. ಒಪ್ಪಿದಳು ಅಂತಲ್ಲ.

ದಿನ ಹುಡುಕುವುದೇ ದೊಡ್ಡ ರಗಳೆಯಾಯಿತು. ಯುಗಾದಿ ಕಳೆದ ಮೇಲೆ ಚೈತ್ರದಲ್ಲಿ ಒಳ್ಳೆ ಮುಹೂರ್ತ ಇದೆ ಅಂದರು ನಮ್ಮ ಭಟ್ಟರು. ಬಂಗಾಳದವರಿಗೆ ಚೈತ್ರ ವರ್ಷದ ಕೊನೇ ತಿಂಗಳು, ಆಗ ಮದುವೆ ಮಾಡುವುದಿಲ್ಲವಂತೆ. ಕೊನೆಗೆ ಫೆಬ್ರವರಿಯಲ್ಲಿ ಒಂದು ವಾರದ ಅಂತರಕ್ಕೆ ಎರಡೂ ಕೂಡಿಬಂತು.

ಸಾಗರದ ಮದುವೆಯನ್ನು ನಾನು ನೋಡಿದ್ದು ಕಡಿಮೆ. ಹೆಣ್ಣಿನ ಅಣ್ಣ ಅಲ್ವಾ, ಅಡಿಗೆಯವರು, ಬಸ್ಸು, ಹಾಲು ಕಡಿಮೆ ಬಿದ್ದದ್ದು ಎಲ್ಲಾ ನನ್ನ ತಲೆಗೇ. ಕಾಶಿಯಾತ್ರೆಗೆ ಕೊಡೆ ಹಿಡಿದು ನಿಂತ ಭಾವ, "ಕಾಶಿಗೆ ಹೋಗೋದಾದರೆ ನಮ್ಮೂರಿಂದಲೇ ಹತ್ತಿರ, ಒಂದು ರಾತ್ರಿ ರೈಲು" ಅಂದದ್ದು ಮಾತ್ರ ಕೇಳಿಸಿಕೊಂಡೆ. ಮಾಂಗಲ್ಯ ಕಟ್ಟುವಾಗ ಉಗ್ರಾಣದಲ್ಲಿದ್ದೆ. ಲಾಜಾಹೋಮಕ್ಕೆ ಕರೆದಾಗ ಓಡಿ ಬಂದು ತಂಗಿಯ ಬೊಗಸೆಗೆ ಅರಳು ಹಾಕಿ ಮತ್ತೆ ಓಡಿದೆ. ಸಪ್ತಪದಿ ಮುಗಿಯಿತು. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಏಳನೇ ಹೆಜ್ಜೆ ಇಟ್ಟ ಕೂಡಲೇ ಮದುವೆ ಪೂರ್ತಿ. ನೋಂದಣಿ ಅರ್ಜಿಗೂ ಈ ತಾರೀಖನ್ನೇ ಬರೆದೆವು. ಇನ್ನು ಕಲ್ಕತ್ತೆಯದ್ದು ಸುಮ್ನೆ ಒಂದು ಊಟ ಅಂದುಕೊಂಡೇ ಹೊರಟೆ.

ಹೊರಡುವಾಗ ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಕಟ್ಟು ಕೊಟ್ಟಳು. "ಅಲ್ಲಿ ಎಂಥ ಎಲೆಯೋ ಏನೋ, ಕವಳಕ್ಕೆ ಇರಲಿ." ಬೆಂಗಳೂರಿನಿಂದ ಹೌರಾಕ್ಕೆ 30 ಗಂಟೆಗೂ ಜಾಸ್ತಿ ಪ್ರಯಾಣ. ದಾರಿಯುದ್ದಕ್ಕೂ ಬಟ್ಟೆಗೆ ನೀರು ಚಿಮುಕಿಸುತ್ತಾ ಕೂತೆ.

ಮದುವೆಯ ಬೆಳಿಗ್ಗೆ ಗಂಡಿನ ಕಡೆಯಿಂದ ಅರಿಶಿನದ ಜೊತೆ ಒಂದು ದೊಡ್ಡ ರೋಹು ಮೀನು ಬಂತು. ಅದಕ್ಕೆ ಸೀರೆ ಉಡಿಸಿ ಮೂಗುತಿ ಹಾಕಿದ್ದರು. ಅಮ್ಮ ಹುಟ್ಟಾ ಸಸ್ಯಾಹಾರಿ. ಒಂದು ಕ್ಷಣ ನೋಡಿ, "ಸೀರೆ ಬಣ್ಣ ಚೆನ್ನಾಗಿದೆ" ಅಂದಳು.

ಅಲ್ಲಿ ಮದುವೆ ರಾತ್ರಿ. ಭಾವನ ತಲೆ ಮೇಲೆ ಬೆಂಡಿನ ಉದ್ದ ಟೋಪೊರ್, ನಮ್ಮ ಬಾಸಿಂಗದ ದೊಡ್ಡಣ್ಣ. ಹೆಣ್ಣನ್ನು ಮಣೆ ಮೇಲೆ ಕೂರಿಸಿ ಅಣ್ಣತಮ್ಮಂದಿರು ಹೊತ್ತು ಗಂಡಿನ ಸುತ್ತ ಏಳು ಸಲ ತಿರುಗಬೇಕು. ನಮಗದು ಗೊತ್ತಾದದ್ದೇ ಆ ಸಂಜೆ. ನಾನು, ಮೂವರು ಚಿಕ್ಕಪ್ಪನ ಮಕ್ಕಳು ನಾಲ್ಕು ಮೂಲೆ ಹಿಡಿದೆವು. ಹೆಣ್ಣು ಎರಡು ವೀಳ್ಯದೆಲೆಯಿಂದ ಮುಖ ಮುಚ್ಚಿಕೊಂಡಿರಬೇಕು. ಅವರ ಎಲೆ ತಟ್ಟೆ ಎಲ್ಲೋ ಉಳಿದು ಗಡಿಬಿಡಿಯಾಗಿತ್ತು. ನಾನು ಅಜ್ಜಿಯ ಕಟ್ಟು ಬಿಚ್ಚಿದೆ.

ಎತ್ತಿದೆವು. ಹೆಂಗಸರು ಉಲೂಲೂ ಅಂತ ಕೂಗಿದರು, ಶಂಖ ಊದಿದರು. ಎರಡನೇ ಸುತ್ತಿಗೇ ನನ್ನ ಸೊಂಟ ಹಿಡಿಯಿತು. "ಅಣ್ಣಾ, ಬೀಳಿಸಬೇಡ" ಅಂತ ಎಲೆಯ ಹಿಂದಿನಿಂದ ಸಣ್ಣ ದನಿ. ಸೈಕಲ್ ಕಲಿಸುವಾಗಲೂ ಇದನ್ನೇ ಹೇಳುತ್ತಿದ್ದಳು. ನಾಲ್ಕನೇ ಸುತ್ತಿನ ಹೊತ್ತಿಗೆ ಕಣ್ಣು ಮಂಜಾಗಿ ದಾರಿ ಕಾಣದೆ ಒಬ್ಬರ ಕಾಲು ತುಳಿದೆ. ಬೆವರು ಅಂತ ಹೇಳಿಕೊಂಡೆ. ಗಾಲಿಕುರ್ಚಿಯಲ್ಲಿದ್ದ ಅವರ ಅಜ್ಜಿ ಒಂದೊಂದೇ ಸುತ್ತನ್ನು ಬೆರಳಲ್ಲಿ ಎಣಿಸುತ್ತಿದ್ದರು. ಏಳಾದ ಮೇಲೆ ತಂಗಿ ಎಲೆ ಸರಿಸಿ ಭಾವನ ಮುಖ ನೋಡಿದಳು.

ಊರಿಗೆ ಬಂದು ಅಜ್ಜಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ನೋಡಿದಳು. ನಿಜವಾದ ಮದುವೆ ಯಾವುದು ಅಂತ ಮತ್ತೆ ಕೇಳುತ್ತಾಳೆ ಅಂದುಕೊಂಡಿದ್ದೆ.

"ಎಲೆ ನಮ್ಮ ತೋಟದ್ದಲ್ವನಾ?"

"ಹೌದಜ್ಜಿ."

"ತುದಿ ಸ್ವಲ್ಪ ಬಾಡಿದೆ ನೋಡು. ಸರಿಯಾಗಿ ನೀರು ಹಾಕಿಲ್ಲ ನೀನು."