ಅರಿಯದೆ ಮಾಡಿದ್ದಕ್ಕೂ ಒಂದು ಪ್ರಾರ್ಥನೆ

ಬಳ್ಳಾರಿಯಲ್ಲಿ ಶುಭ ಶುಕ್ರವಾರ ಬರುವುದು ಕಡುಬೇಸಿಗೆಯಲ್ಲಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಗುಡ್ಡದ ಬಂಡೆಗಳು ಕಾದು ಕೆಂಡವಾಗಿರುವ ಹೊತ್ತಿನಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ಮೊದಲನೆಯದನ್ನು ಲೂಕನು ಬರೆದಿಟ್ಟಿದ್ದಾನೆ: "ತಂದೆಯೇ, ಅವರಿಗೆ ಕ್ಷಮಿಸು, ತಾವು ಏನು ಮಾಡುತ್ತೇವೆಂಬದನ್ನು ಅರಿಯರು." ಮೊಳೆ ಹೊಡೆದವರು ಇನ್ನೂ ಎದುರಿಗೇ ನಿಂತಿದ್ದರು. ಅವರಲ್ಲಿ ಒಬ್ಬನೂ ಕ್ಷಮೆ ಕೇಳಿರಲಿಲ್ಲ.

ತಿಳಿಯದೆ ಮಾಡಿದ್ದು ಪಾಪವಾಗುವುದು ಹೇಗೆ ಎಂದು ಯುವಜನರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 4ನೆಯ ಅಧ್ಯಾಯವನ್ನು ಓದಿದರೆ ಉತ್ತರ ಕಠಿಣವಾಗಿಯೇ ಸಿಗುತ್ತದೆ. ತಿಳಿಯದೆ ತಪ್ಪಿದ ಯಾಜಕನು ಹೋರಿಯನ್ನು ತರಬೇಕು, ಅಧಿಪತಿಯು ಹೋತವನ್ನು, ಸಾಮಾನ್ಯನು ಹೆಣ್ಣು ಮೇಕೆಯನ್ನೋ ಕುರಿಯನ್ನೋ. ಮುಂದಿನ ಅಧ್ಯಾಯದಲ್ಲಿ, ಕುರಿ ತರಲಾರದವನಿಗೆ ಎರಡು ಹಕ್ಕಿಗಳು ಸಾಕು. ಅದಕ್ಕೂ ಗತಿಯಿಲ್ಲದವನಿಗೆ ಒಂದಿಷ್ಟು ಹಿಟ್ಟು ಸಾಕು. ದೇವರು ಬಡವನ ತಪ್ಪನ್ನು ತಪ್ಪೆಂದೇ ಎಣಿಸಿದನು, ಅವನ ಕೈಯ ಹಿಟ್ಟನ್ನೂ ಒಪ್ಪಿಕೊಂಡನು. ಅದೇ 4ನೆಯ ಅಧ್ಯಾಯದಲ್ಲಿ ಇನ್ನೊಂದು ವಿಧಿಯೂ ಇದೆ: ಇಡೀ ಸಮೂಹವೇ ತಿಳಿಯದೆ ಪಾಪ ಮಾಡಿ, ಅದು ಅವರ ಕಣ್ಣಿಗೆ ಮರೆಯಾಗಿದ್ದು, ಆಮೇಲೆ ತಿಳಿದುಬಂದರೆ ಎಲ್ಲರೂ ಸೇರಿ ಹೋರಿಯನ್ನು ಅರ್ಪಿಸಬೇಕು.

ಈ ವಚನವನ್ನು ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಸಂಡೂರಿನ ರಸ್ತೆ ಬರುತ್ತದೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ಬೆಳೆಯ ಮೇಲೆ, ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ತಿಳಿದೂ ತಿಳಿದೂ ಕಾನೂನು ಮುರಿದವರ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ನಾನು ಹೇಳುತ್ತಿರುವುದು ಉಳಿದವರ ಬಗ್ಗೆ: ಸ್ಟೇರಿಂಗ್ ಹಿಡಿದವರು, ಪಂಕ್ಚರ್ ಹಾಕಿದವರು, ದಾರಿಬದಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರಿದವರು, ಆ ದುಡಿಮೆಯಲ್ಲೇ ಹತ್ತರಲ್ಲೊಂದು ಪಾಲನ್ನು ದಶಮಾಂಶವೆಂದು ಎತ್ತಿಟ್ಟು ಸಭೆಗೆ, ಎಂದರೆ ಚರ್ಚಿಗೆ, ಕೊಟ್ಟವರು. ಇವರಾರೂ ಕೇಡು ಬಗೆದವರಲ್ಲ, ಹೊಟ್ಟೆಪಾಡು ನೋಡಿಕೊಂಡವರು. ಆದರೂ ಯಾರದೋ ಜೋಳದ ಹೊಲ ಕೆಂಪಾಯಿತು.

"ನಮಗೆ ಗೊತ್ತಿರಲಿಲ್ಲವಲ್ಲ" ಎಂದು ಇಲ್ಲಿಗೇ ಮುಗಿಸಬಹುದಿತ್ತು. ಯೇಸುವಿನ ಶಿಷ್ಯ ಪೇತ್ರನು ಹಾಗೆ ಮುಗಿಸಲಿಲ್ಲ. ಅಪೊಸ್ತಲರ ಕೃತ್ಯಗಳ 3ನೆಯ ಅಧ್ಯಾಯದಲ್ಲಿ ಅವನು ಯೆರೂಸಲೇಮಿನ ಜನರಿಗೆ ಹೇಳುವುದನ್ನು ಗಮನಿಸಿ: ಸಹೋದರರೇ, ನೀವು ತಿಳಿಯದೆ ಮಾಡಿದಿರೆಂದು ನಾನು ಬಲ್ಲೆನು. ಆ ಮಾತಿನ ಬೆನ್ನಿಗೇ ಬರುವುದು ಪಶ್ಚಾತ್ತಾಪದ ಕರೆ. ಶಿಲುಬೆಯಿಂದ ಹೊರಟ ಪ್ರಾರ್ಥನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ಯೇಸು ಸತ್ತ ಅದೇ ಪಟ್ಟಣದಲ್ಲಿ, ಎರಡು ತಿಂಗಳು ತುಂಬುವುದರೊಳಗೆ, ಪಂಚಾಶತ್ತಮ ಹಬ್ಬದ ದಿನ ಸುಮಾರು 3,000 ಜನ ದೀಕ್ಷಾಸ್ನಾನ ಹೊಂದಿದರು. ಅವರು ಕೇಳಿಕೊಳ್ಳುವ ಮೊದಲೇ ಅವರಿಗಾಗಿ ಒಬ್ಬನು ಕೇಳಿಕೊಂಡಿದ್ದನು. ಸಭೆಯನ್ನು ಹಿಂಸಿಸಿದ ಪೌಲನೂ ತಿಮೊಥೆಯನಿಗೆ ಬರೆಯುವಾಗ, ಅವಿಶ್ವಾಸಿಯಾಗಿದ್ದಾಗ ತಿಳಿಯದೆ ಮಾಡಿದ್ದರಿಂದ ತನಗೆ ಕರುಣೆ ದೊರೆಯಿತು ಎನ್ನುತ್ತಾನೆ. ಹಾಗೆಂದು ಮಾಡಿದ್ದನ್ನು ಅವನು ಮುಚ್ಚಿಡುವುದಿಲ್ಲ. ಪಾಪಿಗಳಲ್ಲಿ ತಾನೇ ಮುಖ್ಯನೆಂದು ಅದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ.

ತಿಳಿದ ಪಾಪಗಳನ್ನು ಅರಿಕೆ ಮಾಡಿದ ಮೇಲೆ 19ನೆಯ ಕೀರ್ತನೆಯ ಬೇಡಿಕೆಯನ್ನೂ ಸೇರಿಸುತ್ತೇನೆ: ನನಗೇ ಮರೆಯಾಗಿರುವ ದೋಷಗಳಿಂದ ನನ್ನನ್ನು ಶುದ್ಧಮಾಡು. ಎಲ್ಲವನ್ನೂ ನೆನಪಿಟ್ಟು ಪಟ್ಟಿ ಒಪ್ಪಿಸಿದರೆ ಮಾತ್ರ ಕ್ಷಮೆ ಎಂದಿದ್ದರೆ ನಮ್ಮಲ್ಲಿ ಯಾರೂ ನೆಮ್ಮದಿಯಾಗಿ ಮಲಗಲಾಗುತ್ತಿರಲಿಲ್ಲ.

ಧೂಳಿನ ಸಂಗತಿ ಮಾತ್ರ ಈಗ ಮರೆಯಾದ ದೋಷವಾಗಿ ಉಳಿದಿಲ್ಲ, ನಮಗೆ ತಿಳಿದುಬಂದಿದೆ. ಈಸ್ಟರ್ ಕಳೆದ ಮೇಲೆ ಲಾರಿದಾರಿಯ ಹಳ್ಳಿಗಳಿಗೆ ಹೋಗಿ, ಅಂದು ಬೆಳೆ ಕಳೆದುಕೊಂಡ ರೈತರ ಕಟ್ಟೆಯ ಮೇಲೆ ಕುಳಿತು ಅವರ ಮಾತು ಕೇಳೋಣವೆಂದು ಸಭೆಯ ಹಿರಿಯರಲ್ಲಿ ವಿನಂತಿಸಿದ್ದೇನೆ. ಬರಲು ಕೆಲವರು ಒಪ್ಪಿದ್ದಾರೆ. ಅವರಲ್ಲಿ ಒಬ್ಬರು ಆ ದಾರಿಯಲ್ಲಿ ಲಾರಿ ಓಡಿಸಿದವರೇ.