ಹಬ್ಬದ ದಿನ ಉಪವಾಸ ನಿಷಿದ್ಧ

ಇಸ್ಲಾಮಿನಲ್ಲಿ ಉಪವಾಸಕ್ಕೆ ಎಂಥ ಸ್ಥಾನವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ವರ್ಷದಲ್ಲಿ ಎರಡು ದಿನ ಉಪವಾಸ ಹಿಡಿಯುವುದನ್ನೇ ಧರ್ಮ ನಿಷೇಧಿಸಿದೆ ಎಂಬ ಸಂಗತಿಯ ಬಗ್ಗೆ ನಾವು ಅಷ್ಟಾಗಿ ಯೋಚಿಸುವುದಿಲ್ಲ. ರಮಝಾನ್ ಉಪವಾಸ ಮುಗಿದ ಮೇಲೆ ಶವ್ವಾಲ್ ತಿಂಗಳ ಮೊದಲ ದಿನ ಬರುವ ಈದುಲ್ ಫಿತ್ರ್ ಮತ್ತು ದುಲ್‌ಹಜ್ಜ್ ತಿಂಗಳ ಹತ್ತನೆಯ ದಿನ ಬರುವ ಈದುಲ್ ಅಝ್‌ಹಾ, ಅಂದರೆ ನಮ್ಮಲ್ಲಿ ಬಕ್ರೀದ್ ಎಂದು ಕರೆಯುವ ಹಬ್ಬ, ಈ ಎರಡು ದಿನಗಳಲ್ಲಿ ಎಷ್ಟೇ ಭಕ್ತಿಯಿಂದ ಉಪವಾಸವಿದ್ದರೂ ಅದು ಪುಣ್ಯವಾಗುವುದಿಲ್ಲ, ತಪ್ಪಾಗುತ್ತದೆ. ಖಲೀಫ ಉಮರ್ ಅವರು ಒಂದು ಬಕ್ರೀದಿನಂದು ನಮಾಝ್ ಮಾಡಿಸಿ ಜನರ ಮುಂದೆ ನಿಂತು, ಉಪವಾಸ ಮುಗಿಸುವ ದಿನ ಮತ್ತು ಬಲಿಯ ಮಾಂಸವನ್ನು ಉಣ್ಣುವ ದಿನ, ಇವೆರಡರಲ್ಲಿ ಉಪವಾಸವಿರಬಾರದೆಂದು ಪ್ರವಾದಿ ಮುಹಮ್ಮದ್ (ಸ) ತಡೆದಿದ್ದಾರೆ ಎಂದು ನೆನಪಿಸಿದರು. ಬಕ್ರೀದಿನ ಮರುದಿನದಿಂದ ಬರುವ ಮೂರು ತಶ್ರೀಕ್ ದಿನಗಳನ್ನೂ ಪ್ರವಾದಿಯವರು ಉಣ್ಣುವ, ಕುಡಿಯುವ, ಅಲ್ಲಾಹನನ್ನು ಸ್ಮರಿಸುವ ದಿನಗಳೆಂದು ಕರೆದರು. ಉಣ್ಣುವುದನ್ನೂ ದೇವಸ್ಮರಣೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತು ನನಗೆ ಬಹಳ ಇಷ್ಟ.

ಹಬ್ಬದ ಸಂತೋಷವನ್ನು ಧರ್ಮವು ಮನಸ್ಸಿಲ್ಲದೆ ಕೊಟ್ಟ ರಿಯಾಯಿತಿ ಎಂಬಂತೆ ಕಾಣುವವರು ನಮ್ಮ ನಡುವೆ ಇದ್ದಾರೆ. ಮೂವತ್ತು ದಿನದ ಉಪವಾಸ, ರಾತ್ರಿಯ ನಮಾಝ್, ಖುರ್‌ಆನ್ ಪಾರಾಯಣ ಇವೆಲ್ಲ ಆರಾಧನೆ, ಆಮೇಲಿನ ಹೊಸಬಟ್ಟೆ, ಊಟ, ನಗು, ಮಕ್ಕಳ ಗದ್ದಲ ಇವೆಲ್ಲ ಆರಾಧನೆ ಮುಗಿದ ಮೇಲಿನ ವಿರಾಮ ಎಂದು ಅವರ ಲೆಕ್ಕ. ನಾನು ಈ ಲೆಕ್ಕವನ್ನು ಒಪ್ಪುವುದಿಲ್ಲ. ವಿರಾಮವಷ್ಟೇ ಆಗಿದ್ದರೆ, ಬೇಕಾದವರು ತೆಗೆದುಕೊಳ್ಳಲಿ, ಬೇಡವಾದವರು ಉಪವಾಸ ಮುಂದುವರಿಸಲಿ ಎಂದು ಬಿಟ್ಟುಬಿಡಬಹುದಿತ್ತು. ಹಾಗೆ ಬಿಡದೆ, ಅಂದು ಉಣ್ಣಲೇಬೇಕು ಎಂದು ಕಟ್ಟಳೆ ಮಾಡಲಾಗಿದೆ. ಈದುಲ್ ಫಿತ್ರ್‌ನ ಬೆಳಿಗ್ಗೆ ಪ್ರವಾದಿಯವರು ಬೆಸಸಂಖ್ಯೆಯಲ್ಲಿ ಕೆಲವು ಖರ್ಜೂರಗಳನ್ನು ತಿಂದ ಹೊರತು ನಮಾಝಿಗೆ ಹೊರಡುತ್ತಿರಲಿಲ್ಲ. ಹಿಂದಿನ ದಿನದವರೆಗೆ ಅದೇ ಹೊತ್ತಿನಲ್ಲಿ ತುತ್ತು ಬಾಯಿಗಿಡುವುದು ನಿಷಿದ್ಧವಾಗಿತ್ತು, ಇಂದು ತಿನ್ನುವುದೇ ಸುನ್ನತ್, ಅಂದರೆ ಪ್ರವಾದಿಯವರು ನಡೆದು ತೋರಿಸಿದ ಕ್ರಮ. ಎರಡೂ ವಿಧೇಯತೆಯೇ. ಯೂನುಸ್ ಅಧ್ಯಾಯದ 58ನೆಯ ವಚನವಂತೂ ಅಲ್ಲಾಹನ ಅನುಗ್ರಹ ಮತ್ತು ಕರುಣೆಗಾಗಿ ಜನರು ಸಂತೋಷಪಡಲಿ ಎಂದು ನೇರವಾಗಿ ಆಜ್ಞೆಯ ರೂಪದಲ್ಲೇ ಹೇಳುತ್ತದೆ.

ಪ್ರವಾದಿಯವರ ಮನೆಯಲ್ಲಿ ಹಬ್ಬ ಹೇಗಿತ್ತು ಎಂಬುದನ್ನು ಅವರ ಪತ್ನಿ ಆಯಿಶಾ ಅವರು ವರ್ಣಿಸಿದ ಹದೀಸ್‌ಗಳಿಂದ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಿಂದ ತಿಳಿಯಬಹುದು. ಒಂದು ಹಬ್ಬದ ದಿನ ಆಯಿಶಾ ಅವರ ಬಳಿ ಇಬ್ಬರು ಹುಡುಗಿಯರು ಕುಳಿತು ಬುಆಸ್ ಯುದ್ಧದ ಹಾಡುಗಳನ್ನು ಹಾಡುತ್ತಿದ್ದರು. ಮದೀನಾದ ಔಸ್ ಮತ್ತು ಖಝ್ರಜ್ ಬುಡಕಟ್ಟುಗಳು ಇಸ್ಲಾಮಿಗೆ ಮುನ್ನ ತಮ್ಮತಮ್ಮಲ್ಲೇ ಹೋರಾಡಿದ ಯುದ್ಧವದು. ಪ್ರವಾದಿಯವರು ಹಾಸಿಗೆಯ ಮೇಲೆ ಮುಖ ಆಚೆ ತಿರುಗಿಸಿ ಮಲಗಿದ್ದರು. ಆಗ ಒಳಬಂದ ಆಯಿಶಾ ಅವರ ತಂದೆ ಅಬೂಬಕರ್ ಅವರು, ಪ್ರವಾದಿಯ ಮನೆಯಲ್ಲಿ ಸೈತಾನನ ವಾದ್ಯವೇ ಎಂದು ಮಗಳನ್ನು ಗದರಿದರು. ಪ್ರವಾದಿಯವರು ಅವರನ್ನು ತಡೆದು, ಆ ಹುಡುಗಿಯರನ್ನು ಬಿಟ್ಟುಬಿಡಿ, ಪ್ರತಿಯೊಂದು ಜನಾಂಗಕ್ಕೂ ಹಬ್ಬವಿದೆ, ಇದು ನಮ್ಮ ಹಬ್ಬ ಎಂದರು. ಗದರಿದವರು ಸಾಮಾನ್ಯರಲ್ಲ, ಆ ಸಮುದಾಯದಲ್ಲೇ ಭಕ್ತಿಗೆ ಹೆಸರಾದವರು, ಮೇಲಾಗಿ ಆಯಿಶಾ ಅವರ ತಂದೆ. ಅವರ ಕಾಳಜಿಯನ್ನು ಪ್ರವಾದಿಯವರು ಹೀಗಳೆಯಲಿಲ್ಲ, ಆದರೆ ಮಕ್ಕಳ ಹಾಡು ಅವರ ಕಾಳಜಿಗೆ ಬಲಿಯಾಗಲು ಬಿಡಲೂ ಇಲ್ಲ.

ಇನ್ನೊಂದು ಹಬ್ಬದಂದು ಅಬಿಸೀನಿಯಾದ ಜನರು ಮಸೀದಿಯಲ್ಲಿ ಈಟಿ ಮತ್ತು ಗುರಾಣಿಗಳನ್ನು ಹಿಡಿದು ಆಟವಾಡುತ್ತಿದ್ದರು. ಆಯಿಶಾ ಅವರಿಗೆ ನೋಡುವ ಆಸೆ. ಪ್ರವಾದಿಯವರು ಅವರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡರು. ಆಕೆಯ ಕೆನ್ನೆ ಅವರ ಕೆನ್ನೆಗೆ ತಾಗಿತ್ತು. ಆಟಗಾರರಿಗೆ ಮುಂದುವರಿಸಿ ಎಂದು ಹುರಿದುಂಬಿಸಿದ ಪ್ರವಾದಿಯವರು, ಆಕೆಗೆ ಬೇಸರ ಬರುವವರೆಗೆ ಹಾಗೆಯೇ ನಿಂತಿದ್ದು, ಕೊನೆಗೆ, ಸಾಕಾಯಿತೇ ಎಂದು ಕೇಳಿದರು. ಸಾಕು ಎಂದ ಮೇಲೆ ಒಳಗೆ ಕಳುಹಿಸಿದರು. ಆಟದ ಹಂಬಲವಿರುವ ಎಳೆಯ ಹುಡುಗಿಯ ಮನಸ್ಸನ್ನು ನೀವೂ ಅರ್ಥಮಾಡಿಕೊಳ್ಳಿ ಎಂದು ಆಯಿಶಾ ಅವರು ಮುಂದೆ ಹೇಳುತ್ತಿದ್ದರು. ಒಂದು ಸಮುದಾಯವನ್ನೇ ಮುನ್ನಡೆಸುವ ಹೊಣೆ ಹೆಗಲ ಮೇಲಿದ್ದವರು, ಮನೆಯವರ ಖುಷಿಗಾಗಿ, ಅವರೇ ಸಾಕೆನ್ನುವವರೆಗೆ, ಅವಸರಿಸದೆ ನಿಂತಿದ್ದರು. ಹಬ್ಬದ ದಿನವೂ ಕೆಲಸ, ಕರೆ, ಓಡಾಟ ಎಂದು ಮನೆಯವರ ಜೊತೆ ಅರ್ಧ ಗಂಟೆ ಕೂರದ ಗಂಡಸರಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ ಎಂದು ನನಗನ್ನಿಸುತ್ತದೆ.

ದುಃಖವಿರುವಾಗ ಹಬ್ಬ ಮಾಡುವುದು ಹೇಗೆ ಎಂಬ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ಎಲ್ಲೋ ಯುದ್ಧ, ಎಲ್ಲೋ ಹಸಿವು, ಮನೆಯಲ್ಲೇ ಒಂದು ಸಾವು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮುಸ್ಲಿಮರ ಮೊದಲ ಈದುಲ್ ಫಿತ್ರ್ ಎಂಥ ದಿನಗಳಲ್ಲಿ ಬಂತು ಎಂಬುದನ್ನು ನೋಡಬೇಕು. ಉಪವಾಸ ಕಡ್ಡಾಯವಾದದ್ದು ಹಿಜರಿ 2ನೆಯ ವರ್ಷದಲ್ಲಿ, ಕ್ರಿಸ್ತಶಕ 624ರಲ್ಲಿ. ಅದೇ ರಮಝಾನಿನ 17ರಂದು ಬದ್ರ್ ಯುದ್ಧ ನಡೆದು ಮುಸ್ಲಿಮರ ಪೈಕಿ 14 ಮಂದಿ ಹುತಾತ್ಮರಾದರು. ಗೆಲುವಿನ ಸುದ್ದಿ ಮದೀನಾ ತಲುಪುವ ಹೊತ್ತಿಗೆ ಪ್ರವಾದಿಯವರ ಮಗಳು ರುಕಯ್ಯ ಕಾಯಿಲೆಯಿಂದ ತೀರಿಕೊಂಡಿದ್ದರು ಎಂದು ಚರಿತ್ರಕಾರರು ದಾಖಲಿಸಿದ್ದಾರೆ. ಆಕೆಯ ಶುಶ್ರೂಷೆಗೆಂದೇ ಪತಿ ಉಸ್ಮಾನ್ ಅವರು ಯುದ್ಧಕ್ಕೆ ಹೋಗದೆ ಉಳಿದಿದ್ದರು. ಮಗಳನ್ನು ಮಣ್ಣುಮಾಡಿದ ಗಾಯ ಇನ್ನೂ ಹಸಿಯಾಗಿರುವಾಗಲೇ ಶವ್ವಾಲಿನ ಚಂದ್ರ ಕಂಡಿತು, ಹಬ್ಬ ನಡೆಯಿತು. ದುಃಖವಿಲ್ಲದವರಿಗಷ್ಟೇ ಹಬ್ಬ ಎಂದಿದ್ದರೆ ಆ ಮೊದಲ ಹಬ್ಬವೇ ಆಗುತ್ತಿರಲಿಲ್ಲ. ಕಣ್ಣೀರು ಬಂದರೆ ಬರಲಿ. ಪ್ರವಾದಿಯವರೂ ಮಕ್ಕಳ ಸಾವಿಗೆ ಕಣ್ಣೀರಿಟ್ಟವರು. ಆದರೆ ಎಲ್ಲೋ ಇರುವ ಸಂಕಟದ ಹೆಸರಿನಲ್ಲಿ ನಮ್ಮ ಮನೆಯ ಮಕ್ಕಳ ಹಬ್ಬವನ್ನು ಕಸಿದುಕೊಂಡರೆ ಆ ಸಂಕಟದಲ್ಲಿರುವವರಿಗೆ ಕಿಂಚಿತ್ತೂ ನೆರವಾಗುವುದಿಲ್ಲ.

ನೆರವಾಗುವ ದಾರಿಯನ್ನು ಹಬ್ಬದ ನಿಯಮಗಳಲ್ಲೇ ಇಡಲಾಗಿದೆ. ಈದುಲ್ ಫಿತ್ರ್‌ನ ಕಡ್ಡಾಯ ದಾನವಾದ ಫಿತ್ರ್ ಝಕಾತನ್ನು ಹೆಣ್ಣು ಗಂಡು, ಹಿರಿಯ ಕಿರಿಯ, ಸ್ವತಂತ್ರ ದಾಸ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಮುಸ್ಲಿಮನ ಮೇಲೆ ಒಂದು ಸಾಅ್ ಖರ್ಜೂರ ಅಥವಾ ಬಾರ್ಲಿ ಎಂದು ಪ್ರವಾದಿಯವರು ನಿಗದಿಪಡಿಸಿದರು, ಮತ್ತು ಜನರು ನಮಾಝಿಗೆ ಹೊರಡುವ ಮೊದಲೇ ಅದನ್ನು ಕೊಟ್ಟುಬಿಡಬೇಕೆಂದು ಆಜ್ಞಾಪಿಸಿದರು. ಒಂದು ಸಾಅ್ ಎಂದರೆ ನಾಲ್ಕು ಮುದ್ದ್, ಒಂದು ಮುದ್ದ್ ಎಂದರೆ ಸಾಧಾರಣ ಮೈಕಟ್ಟಿನ ಮನುಷ್ಯನ ಎರಡು ಅಂಗೈ ಸೇರಿಸಿದ ಒಂದು ಬೊಗಸೆ. ತಕ್ಕಡಿ ಇಲ್ಲದವನೂ ಅಳೆಯಬಹುದಾದ ಅಳತೆ. ಮನೆಯ ಯಜಮಾನ ಧಾನ್ಯದ ಚೀಲದ ಮುಂದೆ ಕುಳಿತು, ತನಗೆ ನಾಲ್ಕು ಬೊಗಸೆ, ಹೆಂಡತಿಗೆ ನಾಲ್ಕು, ಒಬ್ಬೊಬ್ಬ ಮಗುವಿಗೂ ನಾಲ್ಕು ಎಂದು ಎಣಿಸುತ್ತ ಹೋಗುತ್ತಾನೆ. ಮೊನ್ನೆ ಹುಟ್ಟಿ ಇನ್ನೂ ಹೆಸರಿಡದ ಕೂಸಿನ ಪಾಲೂ ಅದರಲ್ಲಿ ಸೇರುತ್ತದೆ. ಉಪವಾಸವೇ ಹಿಡಿಯದ ಕೂಸು ಜಗತ್ತಿಗೆ ಬಂದ ಕೂಡಲೇ ಕೊಡುವವರ ಸಾಲಿಗೆ ಸೇರಿಬಿಡುತ್ತದೆ. ಇಲ್ಲಿ ಶ್ರೀಮಂತಿಕೆಯ ಮಿತಿಯನ್ನೂ ಬಹಳ ಕೆಳಗೆ ಇಡಲಾಗಿದೆ: ಹಬ್ಬದ ಹಗಲು ರಾತ್ರಿಗೆ ತನಗೂ ತನ್ನವರಿಗೂ ಬೇಕಾದದ್ದು ಕಳೆದು ಉಳಿದರೆ ಕೊಡಬೇಕು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಾಗಾಗಿ ಹಿಂದಿನ ದಿನ ಪಡೆದವನೇ ಮರುದಿನ ಕೊಡುವವನೂ ಆಗಬಹುದು. ಇದನ್ನು ನಮಾಝಿನ ನಂತರ ನಿಧಾನವಾಗಿ ಕೊಟ್ಟರಾಯಿತು ಎಂಬ ಉದಾಸೀನ ನನಗೆ ನೋವು ಕೊಡುತ್ತದೆ, ಏಕೆಂದರೆ ಆ ಬೆಳಿಗ್ಗೆ ಯಾರೂ ಬೇಡಲು ಹೊರಡಬೇಕಾದ ಪರಿಸ್ಥಿತಿ ಇರಬಾರದು ಎಂಬುದೇ ಅದರ ಉದ್ದೇಶ.

ಬಕ್ರೀದಿನಲ್ಲೂ ಹಾಗೆಯೇ. ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ನಿಮ್ಮ ಧರ್ಮನಿಷ್ಠೆ ಮಾತ್ರ ಅವನನ್ನು ತಲುಪುತ್ತದೆ ಎಂದು ಹಜ್ಜ್ ಅಧ್ಯಾಯದ 37ನೆಯ ವಚನ ಸ್ಪಷ್ಟವಾಗಿ ಹೇಳಿದೆ. ಹಾಗಾದರೆ ಮಾಂಸ ಯಾರಿಗೆ? ಉಣ್ಣುವವರಿಗೆ. ಒಂದು ವರ್ಷ ಹಬ್ಬದ ಹೊತ್ತಿಗೆ ಮರುಭೂಮಿಯ ಬಡಕುಟುಂಬಗಳು ಮದೀನಾಕ್ಕೆ ಬಂದಾಗ, ಮೂರು ದಿನಕ್ಕಿಂತ ಹೆಚ್ಚು ಮಾಂಸವನ್ನು ಯಾರೂ ಇಟ್ಟುಕೊಳ್ಳಬಾರದು, ಉಳಿದದ್ದನ್ನು ದಾನ ಮಾಡಬೇಕು ಎಂದು ಪ್ರವಾದಿಯವರು ಆದೇಶಿಸಿದರು. ಆಮೇಲೆ ಜನರು ಕೇಳಿದಾಗ, ಅದು ಬಂದವರಿಗಾಗಿ ಮಾಡಿದ ನಿಯಮ, ಇನ್ನು ತಿನ್ನಿ, ಕೂಡಿಡಿ, ದಾನ ಮಾಡಿ ಎಂದರು. ಹಸಿದವರು ಬಾಗಿಲಿಗೆ ಬಂದಿದ್ದಾರೆಯೇ ಎಂದು ನೋಡಿ ನಿಯಮ ಬಿಗಿಯಾಗುತ್ತದೆ, ಸಡಿಲವಾಗುತ್ತದೆ.

ಎಲ್ಲ ಸ್ಮರಣೆಯ ದಿನಗಳೂ ಸಂತೋಷದ ದಿನಗಳಲ್ಲ ಎಂಬುದನ್ನೂ ಹೇಳಬೇಕು. ಮುಹರ್ರಮ್ ಹತ್ತು, ಹಿಜರಿ 61ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೈನ್ ಹುತಾತ್ಮರಾದ ದಿನ. ಶಿಯಾ ಬಂಧುಗಳಿಗೆ ಅದು ಶೋಕದ ದಿನ, ಅಂದು ಶುಭಾಶಯ ಹೇಳುವುದು ಸಲ್ಲದು. ಪ್ರವಾದಿಯವರ ಜನ್ಮದಿನದ ಆಚರಣೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಹಬ್ಬದ ನಮಾಝಿಗೆ ಬಾಂಗ್ ಇಲ್ಲ, ನಮಾಝ್ ಶುರುವಾಗುತ್ತಿದೆ ಎಂದು ಸಾರುವ ಇಖಾಮತ್ ಇಲ್ಲ, ಅಲ್ಲಾಹನೇ ಮಹಾನ್ ಎಂದು ಸಾರುವ ತಕ್ಬೀರ್ ಮಾತ್ರ. ನಮಾಝಿನ ಅನಂತರ ಖುತ್ಬಾ, ಅಂದರೆ ಪ್ರವಚನ. ಮದೀನಾದ ರಾಜ್ಯಪಾಲನಾಗಿದ್ದ ಮರ್ವಾನ್ ಒಮ್ಮೆ ನಮಾಝಿಗೆ ಮೊದಲೇ ಖುತ್ಬಾ ಮಾಡಲು ಹೊರಟಾಗ ಪ್ರವಾದಿಯವರ ಸಂಗಾತಿ (ಸಹಾಬಿ) ಅಬೂ ಸಈದ್ ಖುದ್ರಿ ಅವರು ಅವನ ಬಟ್ಟೆ ಹಿಡಿದೆಳೆದು ತಡೆಯಲು ನೋಡಿದರು. ನಮಾಝಿನ ನಂತರ ಜನ ನಮ್ಮ ಮಾತು ಕೇಳಲು ಕೂರುವುದಿಲ್ಲ, ಅದಕ್ಕೇ ಮೊದಲು ಮಾಡಿದೆ ಎಂದು ಮರ್ವಾನ್ ಉತ್ತರಿಸಿದ. ಕ್ರಮವನ್ನು ಬದಲಿಸುವ ಮುಂಚೆ ಜನ ಯಾಕೆ ಕೂರುವುದಿಲ್ಲ ಎಂದು ಆತ ಕೇಳಿಕೊಂಡಿದ್ದರೆ ಚೆನ್ನಾಗಿತ್ತು. ಮೂವತ್ತು ದಿನ ಹಸಿವು ಬಾಯಾರಿಕೆ ತಡೆದು ಬಂದವರಿಗೆ ಆ ಬೆಳಿಗ್ಗೆ ಅಭಿನಂದನೆ ಸಲ್ಲಬೇಕು. ಅದರ ಬದಲು ನೀವು ಅದನ್ನು ಮಾಡಲಿಲ್ಲ, ಇದನ್ನು ಬಿಟ್ಟಿರಿ ಎಂದು ಬೈಗುಳ ಕೇಳಿಸುವ ಪ್ರವಚನಗಳು ಆ ದಿನದ ಸ್ವಭಾವಕ್ಕೇ ಒಗ್ಗುವುದಿಲ್ಲ. ಉಪವಾಸಿಗನಿಗೆ ಎರಡು ಸಂತೋಷಗಳಿವೆ, ಒಂದು ಉಪವಾಸ ಬಿಡುವಾಗ, ಇನ್ನೊಂದು ತನ್ನ ಪ್ರಭುವನ್ನು ಭೇಟಿಯಾಗುವಾಗ ಎಂಬ ಹದೀಸನ್ನು ವಿವರಿಸಿದರೆ ಸಾಲದೇ?

ಕೊನೆಯದಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಹಬ್ಬದ ದಿನ ಯುವತಿಯರನ್ನೂ ಮನೆಯೊಳಗೇ ಇರುವ ಹೆಣ್ಣುಮಕ್ಕಳನ್ನೂ ಮುಟ್ಟಾದವರನ್ನೂ ಸಹ ಈದ್‌ಗಾಹಿಗೆ ಕರೆತರುವಂತೆ ಪ್ರವಾದಿಯವರು ತಮಗೆ ಆದೇಶಿಸಿದ್ದರೆಂದು ಅವರ ಕಾಲದ ಮಹಿಳೆ ಉಮ್ಮು ಅತಿಯ್ಯಾ ಅವರು ಹೇಳಿದ್ದಾರೆ. ಮುಟ್ಟಾದವರು ನಮಾಝ್ ಮಾಡುವ ಜಾಗದಿಂದ ಸ್ವಲ್ಪ ದೂರ ಇರಬೇಕು, ಆದರೆ ಆ ಒಳಿತಿನಲ್ಲಿ, ಎಲ್ಲರ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಬೇಕು. ಒಬ್ಬಳ ಬಳಿ ಹೊದೆಯಲು ಮೇಲುಡುಪು ಇಲ್ಲದಿದ್ದರೆ ಏನು ಮಾಡುವುದು ಎಂದು ಕೇಳಿದಾಗ, ಆಕೆಯ ಗೆಳತಿ ತನ್ನದರಲ್ಲಿ ಒಂದನ್ನು ಕೊಡಲಿ ಎಂಬ ಉತ್ತರ ಬಂತು. ಬಟ್ಟೆ ಇಲ್ಲ ಎಂಬುದನ್ನೂ ಮನೆಯಲ್ಲಿ ಉಳಿಯಲು ಕಾರಣವೆಂದು ಒಪ್ಪಲಿಲ್ಲ. ಹೀಗಿದ್ದೂ ಅನೇಕ ಕಡೆ ಇಂದು ಹೆಣ್ಣುಮಕ್ಕಳಿಗೆ ಹಬ್ಬ ಎಂದರೆ ಅಡುಗೆಮನೆ ಮಾತ್ರ. ನಮಾಝಿನ ಸಾಲು, ತಕ್ಬೀರಿನ ದನಿ, ಪರಸ್ಪರ ಅಪ್ಪುಗೆ ಇವೆಲ್ಲ ಗಂಡಸರ ಪಾಲು. ಇದು ಬದಲಾಗಲು ಮುಂದಿನ ತಲೆಮಾರಿನವರೆಗೆ ಕಾಯಬೇಕಾಗಿಲ್ಲ. ಹಬ್ಬದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರು ಮೈದಾನದಲ್ಲಿ ಅವರಿಗೆ ಸಾಕಷ್ಟು ಜಾಗ, ನೆರಳು, ನೀರು, ಮಕ್ಕಳನ್ನು ಹಿಡಿದು ಕೂರಲು ಅನುಕೂಲ, ಇಷ್ಟನ್ನು ಬರುವ ಹಬ್ಬಕ್ಕೇ ಮಾಡಿಕೊಡಬಹುದು. ಅಂದು ಅಡುಗೆಯ ಅರ್ಧ ಕೆಲಸವನ್ನು ಗಂಡಸರು ಹಿಂದಿನ ರಾತ್ರಿಯೇ ಮಾಡಿಟ್ಟರೆ, ಬೆಳಿಗ್ಗೆ ಮನೆಯವರೆಲ್ಲ ಒಟ್ಟಿಗೆ ಹೊರಡಲು ತೊಂದರೆಯಿರುವುದಿಲ್ಲ.