ವಿಲ್ ಬರೆಸಲು ಬಂದವರನ್ನು ನಾನು ಮೊದಲು ಕೇಳುವುದು

ಗದಗಿನ ಒಂದು ವಕೀಲರ ಕಚೇರಿಯಲ್ಲಿ ಕಾಗದಪತ್ರ ಬರೆಯುವ ಕೆಲಸ ನನ್ನದು. ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ, ವಿಲ್ ಎಲ್ಲ ಬರೆಯುತ್ತೇನೆ. ವಿಲ್‌ಗೆ ಬರುವ ಹಿರಿಯರು ಹೊಲ ಯಾರಿಗೆ, ಮನೆ ಯಾರಿಗೆ, ಬಂಗಾರ ಯಾರಿಗೆ ಅನ್ನುವುದನ್ನು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ನಾನು ಮೊದಲು ಕೇಳುವುದು ಬೇರೆ. “ಅಜ್ಜಾರ, ನಿಮ್ಮ ಹಿಂದ ಇದನ್ನ ಮುಂದ ನಿಂತು ಮಾಡೋರು ಯಾರ್ರೀ?”

ಬಹಳ ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ಹಾಗೆ ಮುಂದೆ ನಿಲ್ಲುವವರೇ ಎಕ್ಸಿಕ್ಯೂಟರ್. ಅಂತ್ಯಕ್ರಿಯೆಯ ಖರ್ಚು ನೋಡಬೇಕು. ಸೊಸೈಟಿ ಸಾಲ, ಬ್ಯಾಂಕ್ ಸಾಲ, ಕೈಗಡ ತೀರಿಸಬೇಕು. ಆಮೇಲೆ ಉಳಿದದ್ದನ್ನು ವಿಲ್‌ನಲ್ಲಿ ಇದ್ದಂತೆ ಹಂಚಬೇಕು. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಬದಲಾಗಲು ತಹಶೀಲ್ದಾರ್ ಕಚೇರಿ, ಊರೊಳಗಿನ ಮನೆಗೆ ಸಿಟಿ ಸರ್ವೇ, ಠೇವಣಿಗೆ ಬ್ಯಾಂಕು, ಹೀಗೆ ಓಡಾಟ ಇದ್ದೇ ಇರುತ್ತದೆ.

ಹಿರಿಯ ಮಗನೇ ಆಗಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಮಗಳಾಗಬಹುದು, ಅಳಿಯ ಆಗಬಹುದು, ಗೆಳೆಯನ ಮಗನೂ ಆಗಬಹುದು. ಆಸ್ತಿಯಲ್ಲಿ ಪಾಲು ಪಡೆಯುವವರೂ ಆಗಬಹುದು. 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಅಷ್ಟೇ. ಆದರೆ ಅಣ್ಣ ತಮ್ಮಂದಿರ ನಡುವೆ ಈಗಾಗಲೇ ಮಾತು ನಿಂತಿದ್ದರೆ ಅವರಲ್ಲೇ ಒಬ್ಬರನ್ನು ಹಾಕಬೇಡಿ ಅನ್ನುತ್ತೇನೆ. ನಿಮಗಿಂತ ಚಿಕ್ಕವರಿರಲಿ. ಲೆಕ್ಕ ಬರೆದಿಡುವ ಅಭ್ಯಾಸ ಇರಲಿ. ಮೊದಲೇ ಕೇಳಿ ಒಪ್ಪಿಸಿಕೊಳ್ಳಿ, ಯಾಕೆಂದರೆ ಹೆಸರು ಬರೆದ ಮಾತ್ರಕ್ಕೆ ಯಾರನ್ನೂ ಒತ್ತಾಯ ಮಾಡಲು ಬರುವುದಿಲ್ಲ. ಅವರಿಗೆ ಆಗದಿದ್ದರೆ ಇಂಥವರು ಅಂತ ಎರಡನೇ ಹೆಸರೂ ಬರೆಸಿ.

ಸಾಕ್ಷಿಗಳ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಬರೆಸಿದವರು ಸಹಿ ಮಾಡಿದ್ದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ “ಇದು ನನ್ನ ಸಹಿ” ಅಂತ ಅವರ ಬಾಯಿಂದಲೇ ಕೇಳಿರಬೇಕು. ಒಳಗೆ ಏನಿದೆ ಅಂತ ಸಾಕ್ಷಿಗೆ ಗೊತ್ತಿರಬೇಕಾಗಿಲ್ಲ. ಮುಂದೆ ತಂಟೆ ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿನಲ್ಲಿ ಹೇಳಿಕೆ ಕೊಡಬೇಕಾಗುತ್ತದೆ. ಬೆಟಗೇರಿಯ ಒಬ್ಬ ಹಿರಿಯರು ತಮ್ಮ ಓರಗೆಯ ಇಬ್ಬರು ಗೆಳೆಯರಿಂದ ಸಹಿ ಹಾಕಿಸಿದ್ದರು. ಮಕ್ಕಳು ಕೋರ್ಟಿಗೆ ಹೋಗುವ ಹೊತ್ತಿಗೆ ಆ ಇಬ್ಬರೂ ತೀರಿಕೊಂಡಿದ್ದರು. ಆಮೇಲೆ ಸಹಿ ಅವರದೇ ಅಂತ ತೋರಿಸಲು ಹಳೇ ಕಾಗದ ಹುಡುಕಿ ಆ ಮನೆಯವರು ಪಟ್ಟ ಕಷ್ಟ ನೋಡಿದ್ದೇನೆ. ವಿಲ್‌ನಲ್ಲಿ ತಪ್ಪೇನೂ ಇರಲಿಲ್ಲ.

ಜಾಸ್ತಿ ಆಸ್ತಿ ಪಡೆಯುವ ಮಗನೇ ಅಪ್ಪನನ್ನು ಕರೆತಂದು, ತಾನೇ ಎಲ್ಲ ಹೇಳಿ ಬರೆಸುವುದೂ ಒಳ್ಳೆಯದಲ್ಲ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ಪ್ರಕರಣದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಇಂಥದ್ದನ್ನು ಅನುಮಾನಕ್ಕೆ ಎಡೆ ಅಂದಿದೆ. ಅದಕ್ಕೇ ನಾನು ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ. ವಯಸ್ಸು ಬಹಳ ಆಗಿದ್ದರೆ ಅವರನ್ನು ನೋಡುವ ಡಾಕ್ಟರರನ್ನೇ ಒಬ್ಬ ಸಾಕ್ಷಿ ಮಾಡಿ ಅನ್ನುತ್ತೇನೆ.

ಬಾಂಡ್ ಪೇಪರ್ ಬೇಕೇ ಅಂತ ಎಲ್ಲರೂ ಕೇಳುತ್ತಾರೆ. ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ, ಆದರೆ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಮಾಡಿಸಿದರೂ ಮುಂದೆ ಬದಲಾಯಿಸಬಹುದು, ಕೊನೆಯ ವಿಲ್ ನಡೆಯುತ್ತದೆ.

ಪಿತ್ರಾರ್ಜಿತ ಹೊಲ ಬಂದಾಗ ಮಾತ್ರ ತಡೆದು ಹೇಳಲೇಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲಿಗಷ್ಟೇ ವಿಲ್ ಬರೆಯಬಹುದು. 2005ರ ತಿದ್ದುಪಡಿಯ ನಂತರ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಇದೆ. “ಮದುವಿಯಾಗಿ ಹೋದಾಕಿಗೆ ಯಾಕ್ರೀ?” ಅನ್ನುವವರು ಈಗಲೂ ಬರುತ್ತಾರೆ. ಆಕೆಯ ಪಾಲನ್ನು ನಿಮ್ಮ ವಿಲ್‌ನಲ್ಲಿ ಬೇರೆಯವರಿಗೆ ಕೊಡಲು ಬರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಅದೇ ರೀತಿ, ಬ್ಯಾಂಕ್ ಠೇವಣಿಯ ನಾಮಿನಿ ಹಣ ಈಸಿಕೊಳ್ಳುವವರು ಮಾತ್ರ. ಆ ಹಣ ಸೇರುವುದು ವಾರಸುದಾರರಿಗೆ, ವಿಲ್ ಇದ್ದರೆ ಅದರಲ್ಲಿ ಹೇಳಿದವರಿಗೆ.

ಸಹಿ ಆದ ಮೇಲೆ ಮೂಲಪ್ರತಿ ಎಲ್ಲಿದೆ ಅಂತ ಎಕ್ಸಿಕ್ಯೂಟರ್‌ಗೆ ತಿಳಿಸಿ. ಬೇಕಿದ್ದರೆ ಲಕೋಟೆಗೆ ಸೀಲ್ ಹಾಕಿ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಇಡಬಹುದು. ಜೊತೆಗೆ ಖಾತೆ ಯಾವ ಬ್ಯಾಂಕಿನಲ್ಲಿದೆ, ಯಾರಿಗೆ ಎಷ್ಟು ಕೊಡುವುದಿದೆ, ಯಾರಿಂದ ಬರುವುದಿದೆ ಅಂತ ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ.